ಉಕ್ಕಿನ ಶಾಫ್ಟ್ ಹಾಕಿದ ಮೇಲೂ ಪಿನ್ ಏಕೆ ಉದುರುತ್ತದೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದವನು. ಒಂದು ವರ್ಷದಿಂದ 1:10 ಅಳತೆಯ, 313 ಮಿ.ಮೀ. ವೀಲ್‌ಬೇಸಿನ ರಿಮೋಟ್ ರಾಕ್ ಕ್ರಾಲರ್ (ಬಂಡೆ ಹತ್ತುವ ಆಟದ ಗಾಡಿ) ಇಟ್ಟುಕೊಂಡು ನಮ್ಮೂರಿನ ಬೆಟ್ಟದ ಬಂಡೆಗಳ ಮೇಲೆ ಓಡಿಸುತ್ತಿದ್ದೇನೆ. 90 ಮಿ.ಮೀ. ಶಾಕ್‌ಗಳನ್ನು ತೆಗೆದು 100 ಮಿ.ಮೀ. ಶಾಕ್ ಹಾಕಿದ ಮೇಲೆ ಗಾಡಿಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನ ತಿರುಗಾಟವನ್ನು ಆಕ್ಸಲಿಗೆ ಒಯ್ಯುವ ದಂಡ) ತಿರುಚಿಕೊಂಡಿತು. ಆನ್‌ಲೈನಿನಲ್ಲಿ ಉಕ್ಕಿನ ಶಾಫ್ಟ್ ತರಿಸಿ ಹಾಕಿದೆ. ಅಂದಿನಿಂದ ಹಿಂದಿನ ಶಾಫ್ಟಿನ ಪಿನ್ ಎರಡು ಸಲ ಉದುರಿದೆ, ಅದನ್ನು ಹಿಡಿದಿಡುವ ಪುಟ್ಟ ಗ್ರಬ್ ಸ್ಕ್ರೂ ಪ್ರತಿ ಸಲ ಸಡಿಲವಾಗುತ್ತದೆ, ನಿಧಾನವಾಗಿ ಹತ್ತುವಾಗ ಗಾಡಿ ತಡೆತಡೆದು ಸಾಗುತ್ತದೆ. ಕಳೆದ ವಾರ ಹಿಂದಿನ ಆಕ್ಸಲಿನ ಪಿನಿಯನ್ (ಶಾಫ್ಟ್ ತಿರುಗಿಸುವ ಚಿಕ್ಕ ಗೇರ್) ಹಲ್ಲುಗಳೇ ಮುರಿದವು. ಇನ್ನೂ ದುಬಾರಿ ಶಾಫ್ಟ್ ಕೊಳ್ಳಬೇಕೇ, ಇಲ್ಲವೇ ಪ್ಲಾಸ್ಟಿಕ್ಕಿಗೇ ಮರಳಬೇಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವ ನಾಲ್ಕು ತೊಂದರೆಗಳು ನಾಲ್ಕು ಬೇರೆ ಬೇರೆ ದೋಷಗಳಂತೆ ಕಂಡರೂ ಅವುಗಳ ಬೇರು ಬಹುಮಟ್ಟಿಗೆ ಒಂದೇ ಕಡೆ ಇದೆ. ಶಾಕ್ ಬದಲಿಸಿದಾಗ ಗೇರ್‌ಬಾಕ್ಸ್ ಮತ್ತು ಆಕ್ಸಲ್ ನಡುವಿನ ದೂರವೂ ಕೋನವೂ ಬದಲಾದವು, ಆದರೆ ಶಾಫ್ಟನ್ನು ಆ ಹೊಸ ದೂರಕ್ಕೆ ಮತ್ತು ಕೋನಕ್ಕೆ ಅಳೆದು ಕೂರಿಸಲಿಲ್ಲ. ಹೀಗಿರುವಾಗ ಎಷ್ಟೇ ಬೆಲೆಯ ಶಾಫ್ಟ್ ಹಾಕಿದರೂ ಅದು ಪಿನ್ನನ್ನು ಉದುರಿಸುತ್ತದೆ, ಅಥವಾ ತಾನು ಗಟ್ಟಿಯಾಗಿ ನಿಂತು ಸಾಲಿನಲ್ಲಿ ತನ್ನ ನಂತರದ ಭಾಗವನ್ನು ಮುರಿಯುತ್ತದೆ.

ಕಲಬುರಗಿಯಲ್ಲಿ ನನ್ನದು ಸಣ್ಣದೊಂದು ಲೇತ್ ಅಂಗಡಿ. ಅಲ್ಲಿಗೆ ದುರಸ್ತಿಗೆ ಬರುವುದರಲ್ಲಿ ಹೆಚ್ಚಿನ ಪಾಲು ಟ್ರಾಕ್ಟರಿಗೂ ರೋಟಾವೇಟರಿಗೂ ನಡುವೆ ಕೂತು ಎಂಜಿನ್ನಿನ ಬಲ ಒಯ್ಯುವ ಪಿಟಿಒ ಶಾಫ್ಟುಗಳು. ನಿಮ್ಮ ಕ್ರಾಲರಿನ ಶಾಫ್ಟ್ ಅದೇ ಯಂತ್ರದ ಚಿಕ್ಕ ರೂಪ. ಎರಡು ತುದಿಗೆ ಎರಡು ಯೂನಿವರ್ಸಲ್ ಜಾಯಿಂಟ್ (ಬಾಗಿಯೂ ತಿರುಗಬಲ್ಲ ಕೀಲು), ನಡುವೆ ಒಂದರೊಳಗೊಂದು ಜಾರುವ ಗಂಡು-ಹೆಣ್ಣು ಕೊಳವೆ; ಇಷ್ಟೇ. ರೋಟಾವೇಟರಿನ ಬ್ಲೇಡು ಹೊಲದ ಕಲ್ಲಿಗೆ ಸಿಕ್ಕಿಕೊಂಡಾಗ ಟ್ರಾಕ್ಟರಿನ ಗೇರ್‌ಬಾಕ್ಸ್ ಒಡೆಯಬಾರದೆಂದು ಅದರ ದಾರಿಯಲ್ಲಿ ಒಂದು ಶಿಯರ್ ಬೋಲ್ಟನ್ನೋ ಸ್ಲಿಪ್ ಕ್ಲಚ್ಚನ್ನೋ ಇಟ್ಟಿರುತ್ತಾರೆ. ಬೋಲ್ಟ್ ತುಂಡಾದರೆ ರೈತ ಇನ್ನೊಂದನ್ನು ಹಾಕಿ ಹತ್ತು ನಿಮಿಷದಲ್ಲಿ ಕೆಲಸ ಮುಂದುವರಿಸುತ್ತಾನೆ. ನಿಮ್ಮ ಗಾಡಿಯಲ್ಲಿ ಆ ಕೆಲಸವನ್ನು ಪ್ಲಾಸ್ಟಿಕ್ ಶಾಫ್ಟ್ ಮಾಡುತ್ತಿತ್ತು. ಅದು ತಿರುಚಿಕೊಂಡು, ತಾನು ಹಾಳಾಗಿ, ಪಿನಿಯನ್ನನ್ನು ಉಳಿಸುತ್ತಿತ್ತು. ಆ ಜಾಗಕ್ಕೆ ಉಕ್ಕನ್ನು ತಂದಾಗ ಸಾಲಿನಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಯಾವುದಾಯಿತು ಎಂದು ಕೇಳಿಕೊಳ್ಳಬೇಕಿತ್ತು. ಉತ್ತರವನ್ನು ಕಳೆದ ವಾರ ಪಿನಿಯನ್ ಹಲ್ಲುಗಳು ಕೊಟ್ಟಿವೆ.

ಬಲದ ಪ್ರಮಾಣ ಎಷ್ಟಿರುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಗಾಡಿಯ ತೂಕ 3 ಕೆ.ಜಿ. ಎಂದೂ, ಟೈರಿನ ಹೊರವ್ಯಾಸ 120 ಮಿ.ಮೀ., ಅಂದರೆ ತ್ರಿಜ್ಯ 6 ಸೆಂ.ಮೀ. ಎಂದೂ ಇಟ್ಟುಕೊಳ್ಳೋಣ. ಕಡಿದಾದ ಏರಿನಲ್ಲಿ ಹೆಚ್ಚುಕಡಿಮೆ ಇಡೀ ಭಾರ ಹಿಂದಿನ ಆಕ್ಸಲಿನ ಮೇಲೆ ಬರುತ್ತದೆ. ಒರಟು ಗ್ರಾನೈಟಿನ ಮೇಲೆ ಟೈರಿನ ಹಿಡಿತ ಆ ಭಾರದಷ್ಟೇ ಇದೆ ಎಂದು ಭಾವಿಸಿದರೆ ಚಕ್ರಗಳಲ್ಲಿ 18 ಕೆ.ಜಿ.-ಸೆಂ.ಮೀ. ತಿರುಚುಬಲ ಇರುತ್ತದೆ. ಆಕ್ಸಲಿನ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) 30 ಹಲ್ಲು, ಪಿನಿಯನ್ 8 ಹಲ್ಲು ಆಗಿದ್ದರೆ ಅನುಪಾತ 3.75, ಆಗ ಶಾಫ್ಟಿನಲ್ಲಿ ಹರಿಯುವುದು 4.8 ಕೆ.ಜಿ.-ಸೆಂ.ಮೀ. ಮಾತ್ರ. ಪಿನ್ನಿನ ತುದಿಗಳು ನಡುಬಿಂದುವಿನಿಂದ 4 ಮಿ.ಮೀ. ದೂರದಲ್ಲಿ ಯೋಕನ್ನು (ಜಾಯಿಂಟಿನ ಕವಲು ತುದಿಯನ್ನು) ಒತ್ತುತ್ತವೆ ಎಂದರೆ ಒಂದೊಂದು ತುದಿಯ ಮೇಲೆ ಸುಮಾರು 6 ಕೆ.ಜಿ. ಬಲ. ಅದೇ 38 ಮತ್ತು 13 ಹಲ್ಲಿನ ಹಳೆಯ ಮಾದರಿಯ ಆಕ್ಸಲ್ ಆಗಿದ್ದರೆ ಅನುಪಾತ 2.92ಕ್ಕೆ ಇಳಿದು, ಅದೇ ಏರಿಗೆ ಶಾಫ್ಟ್ 6.2 ಕೆ.ಜಿ.-ಸೆಂ.ಮೀ. ಹೊರಬೇಕಾಗುತ್ತದೆ. ಪೋರ್ಟಲ್ ಆಕ್ಸಲಿನ ಗಾಡಿಗಳಲ್ಲಿ ಇನ್ನೊಂದು ಹಂತದ ಗೇರ್ ಇಳಿಕೆ ಚಕ್ರದ ಬಳಿಯೇ ನಡೆಯುವುದರಿಂದ ಶಾಫ್ಟಿನ ಹೊರೆ ಮತ್ತೂ ಕಡಿಮೆ. ಟ್ರಾಕ್ಸಸ್ ಟಿಆರ್‌ಎಕ್ಸ್-4 ಇಂತಹ ಗಾಡಿ, ಮತ್ತು ಅದರ ಪ್ಲಾಸ್ಟಿಕ್ ಶಾಫ್ಟುಗಳು ಬಹಳ ಕಾಲ ಬಾಳುವುದಕ್ಕೆ ಇದೂ ಒಂದು ಕಾರಣ.

ಈ ಅಂಕಿಗಳು ಚಕ್ರ ಜಾರಲು ಸ್ವತಂತ್ರವಾಗಿರುವ ತನಕ ಮಾತ್ರ ಸರಿ. ಚಕ್ರ ಎರಡು ಬಂಡೆಗಳ ಬಿರುಕಿನಲ್ಲಿ ಸಿಕ್ಕಿಕೊಂಡಾಗ ಹಿಡಿತದ ಮಿತಿ ಇರುವುದಿಲ್ಲ. ಮೋಟರ್ ಎಷ್ಟು ಕೊಡಬಲ್ಲದೋ ಅಷ್ಟೂ ಗೇರ್‌ಬಾಕ್ಸಿನಲ್ಲಿ ಹಲವು ಪಟ್ಟಾಗಿ ಶಾಫ್ಟಿನ ಮೇಲೆ ಬೀಳುತ್ತದೆ. ಶಹಾಪುರದ ಬೆಟ್ಟದಲ್ಲಿ ಗುಂಡುಗಳು ಒಂದರ ಮೇಲೊಂದು ಕೂತಿರುವುದರಿಂದ ಸಂದುಗಳು ಹೆಚ್ಚು, ಕಲ್ಲಿನ ಮೈ ಒರಟು, ಹಿಡಿತ ಬಿಡುವುದಿಲ್ಲ. ಶಹಾಬಾದ, ಚಿತ್ತಾಪುರದ ಕಡೆಯ ಸುಣ್ಣಕಲ್ಲಿನ ಹಾಸುಗಳು ಮೆಟ್ಟಿಲುಗಳಂತಿದ್ದು ನಯವಾಗಿರುವುದರಿಂದ ಅಲ್ಲಿ ಚಕ್ರ ಜಾರಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಕಲಬುರಗಿಯ ಗೆಳೆಯರ ಗಾಡಿಯಲ್ಲಿ ಅದೇ ಶಾಫ್ಟ್ ಚೆನ್ನಾಗಿದೆಯೆಂಬ ಮಾತನ್ನು ನಿಮ್ಮ ಬೆಟ್ಟಕ್ಕೆ ಹಾಗೆಯೇ ಅನ್ವಯಿಸಿಕೊಳ್ಳಬೇಡಿ. ಸಿಕ್ಕಿಕೊಂಡ ಗಾಡಿಗೆ ಇನ್ನಷ್ಟು ಥ್ರಾಟಲ್ ಕೊಡುವುದಕ್ಕಿಂತ ಹಿಂದಕ್ಕೆ ಬಿಡಿಸಿಕೊಳ್ಳುವುದು ಯಾವ ಬಿಡಿಭಾಗಕ್ಕಿಂತಲೂ ಹೆಚ್ಚು ಕಾಪಾಡುತ್ತದೆ.

ಈಗ ಅಳತೆಗೆ ಬರೋಣ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಮಾಡದೆ ಬಿಡುವ ಕೆಲಸ ಇದು. ನಾಲ್ಕೂ ಶಾಕ್‌ಗಳ ಸ್ಪ್ರಿಂಗುಗಳನ್ನು ಕಳಚಿ, ಶಾಕ್‌ಗಳನ್ನು ಮಾತ್ರ ಮತ್ತೆ ಕೂರಿಸಿರಿ. ಶಾಫ್ಟನ್ನು ತೆಗೆದಿಡಿ. ಗೇರ್‌ಬಾಕ್ಸಿನ ಔಟ್‌ಪುಟ್ ದಂಡದಲ್ಲಿರುವ ಪಿನ್ ರಂಧ್ರದ ನಡುವಿನಿಂದ ಪಿನಿಯನ್ ದಂಡದ ಪಿನ್ ರಂಧ್ರದ ನಡುವಿನವರೆಗೆ ವರ್ನಿಯರಿನಿಂದ ಅಳೆಯಿರಿ. ಆಕ್ಸಲ್ ಪೂರ್ತಿ ಕೆಳಗೆ ಜೋತುಬಿದ್ದಾಗ, ಪೂರ್ತಿ ಮೇಲಕ್ಕೆ ಒತ್ತಿದಾಗ, ಎಡಚಕ್ರ ಮೇಲೆ ಬಲಚಕ್ರ ಕೆಳಗೆ ಇದ್ದಾಗ, ಅದರ ಅದಲುಬದಲಿನಲ್ಲಿ, ಹೀಗೆ ನಾಲ್ಕು ಸ್ಥಿತಿಗಳ ಅಳತೆ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆಕ್ಸಲ್ ಮೇಲೇರುವಾಗ ಅದನ್ನು ಚಾಸಿಗೆ ಜೋಡಿಸುವ ದಂಡಗಳು, ಅಂದರೆ ಲಿಂಕ್‌ಗಳು, ಅದನ್ನು ಒಂದು ಕಮಾನಿನಲ್ಲಿ ಸಾಗಿಸುವುದರಿಂದ ಅತಿ ಕಡಿಮೆ ದೂರ ಪೂರ್ತಿ ಒತ್ತಿದಾಗಲೇ ಬರಬೇಕೆಂದಿಲ್ಲ, ನಡುದಾರಿಯಲ್ಲೂ ಬರಬಹುದು. ಆದ್ದರಿಂದ ಆಕ್ಸಲನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಒಯ್ಯುತ್ತಾ ವರ್ನಿಯರಿನ ಅಂಕಿ ಎಲ್ಲಿ ತಿರುಗುತ್ತದೆ ಎಂದು ನೋಡಬೇಕು.

ಅತಿ ಕಡಿಮೆ ಅಳತೆಗಿಂತ ಶಾಫ್ಟಿನ ಮಡಚಿದ ಉದ್ದ 2 ಮಿ.ಮೀ. ಆದರೂ ಚಿಕ್ಕದಿರಬೇಕು. ಅತಿ ಹೆಚ್ಚು ಅಳತೆಯಲ್ಲಿ ಗಂಡುದಂಡ ಹೆಣ್ಣುಕೊಳವೆಯೊಳಗೆ ಕನಿಷ್ಠ 10ರಿಂದ 12 ಮಿ.ಮೀ. ಉಳಿದಿರಬೇಕು ಎಂಬುದು ನಾನು ಪಾಲಿಸುವ ಮಿತಿ. ಅದಕ್ಕಿಂತ ಕಡಿಮೆಯಾದರೆ ಶಾಫ್ಟ್ ನಡುವೆ ಓಲಾಡಿ ಜಾರುವ ದಂಡದ ಹಲ್ಲುಗಳು ತುದಿಯಲ್ಲೇ ಸವೆಯುತ್ತವೆ. ಮಡಚಿದ ಉದ್ದ ಹೆಚ್ಚಾದಾಗ ಆಗುವ ಹಾನಿ ಇನ್ನೂ ದೊಡ್ಡದು ಮತ್ತು ಕಣ್ಣಿಗೆ ಕಾಣದು: ಗಾಡಿ ಮೇಲಿನಿಂದ ಕುಪ್ಪಳಿಸಿ ಬಿದ್ದಾಗ ಶಾಫ್ಟ್ ಗೂಟದಂತೆ ನಿಂತು ಪಿನಿಯನ್ನನ್ನು ಆಕ್ಸಲಿನೊಳಕ್ಕೆ ಬಡಿಯುತ್ತದೆ, ಬೇರಿಂಗಿನಲ್ಲಿ ಪ್ಲೇ (ಸಡಿಲ ಅಲುಗಾಟ) ಬರುತ್ತದೆ, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಸರಿಯಾಗಿ ಕೂಡದೆ ತುದಿಯಲ್ಲಿ ಮಾತ್ರ ಕಚ್ಚಿಕೊಳ್ಳುತ್ತವೆ. ನಿಮ್ಮ ಪಿನಿಯನ್ ಮುರಿದದ್ದು ಉಕ್ಕಿನ ಗಟ್ಟಿತನದಿಂದ ಮಾತ್ರವಲ್ಲ, ಇದರಿಂದಲೂ ಇರಬಹುದು. ಮುರಿದ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಲ್ಲಿನ ಅರ್ಧ ಅಗಲದಲ್ಲಿ ಮಾತ್ರ ಹೊಳಪು ಗುರುತಿದ್ದರೆ ಹಲ್ಲುಗಳು ತಪ್ಪಾಗಿ ಕೂಡಿದ್ದವೆಂದು ಅರ್ಥ.

ಮಾರಾಟಗಾರರು ಬರೆಯುವ ಉದ್ದವನ್ನು ಕೊಳ್ಳುವ ಮೊದಲು ಕೇಳಿ ಖಚಿತಪಡಿಸಿಕೊಳ್ಳಿರಿ. ಕೆಲವರು ಪಿನ್ನಿನಿಂದ ಪಿನ್ನಿಗೆ ಅಳೆಯುತ್ತಾರೆ, ಕೆಲವರು ಯೋಕಿನ ಹೊರತುದಿಯಿಂದ ಹೊರತುದಿಗೆ ಅಳೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ನಿಮ್ಮ 2 ಮಿ.ಮೀ. ಅಂತರವನ್ನು ನುಂಗಿಹಾಕಲು ಸಾಕು.

ಉದ್ದ ಹೆಚ್ಚಿದ್ದರೆ ಗಂಡುದಂಡದ ತುದಿಯನ್ನು ಕತ್ತರಿಸಬಹುದು. ಆದರೆ ಮೊದಲು ಯಾವುದು ಯಾವುದಕ್ಕೆ ತಗಲುತ್ತಿದೆ ಎಂದು ನೋಡಬೇಕು, ಏಕೆಂದರೆ ಕೆಲವು ಶಾಫ್ಟುಗಳಲ್ಲಿ ಹೆಣ್ಣುಕೊಳವೆಯ ಬಾಯಿ ಗಂಡಿನ ಯೋಕಿಗೆ ತಗಲಿ ನಿಲ್ಲುತ್ತದೆ. ಅಲ್ಲಿ ಗಂಡನ್ನು ಕತ್ತರಿಸಿ ಪ್ರಯೋಜನವಿಲ್ಲ. ಹದಗೊಳಿಸಿದ ಉಕ್ಕಿಗೆ ಹ್ಯಾಕ್ಸಾ ಬ್ಲೇಡ್ ನಾಟುವುದಿಲ್ಲ, ತೆಳು ಕಟಿಂಗ್ ಡಿಸ್ಕ್ ಬೇಕು, ಕಣ್ಣಿಗೆ ಕನ್ನಡಕ ಕಡ್ಡಾಯ. ಎರಡು ಮೂರು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದುತ್ತಾ ಕತ್ತರಿಸಿರಿ. ನಾನು ಮೊದಮೊದಲು ಅವಸರದಲ್ಲಿ ಒಂದೇ ಸಮನೆ ಕತ್ತರಿಸಿ ತುದಿಯನ್ನು ನೀಲಿ ಬಣ್ಣಕ್ಕೆ ತಿರುಗಿಸಿದ್ದೆ. ಹದ ಕಳೆದುಕೊಂಡ ಆ ತುದಿಯ ಹಲ್ಲುಗಳು ಹದಿನೈದು ದಿನದಲ್ಲಿ ಸವೆದು ದುಂಡಾದವು. ಕತ್ತರಿಸಿದ ಅಂಚನ್ನು ಅರದಿಂದ ಅಥವಾ ಎಣ್ಣೆಗಲ್ಲಿನಿಂದ ಉಜ್ಜಿ, ದಂಡ ತನ್ನ ಭಾರದಿಂದಲೇ ಕೊಳವೆಯೊಳಗೆ ಇಳಿಯುವಂತಾಗಬೇಕು.

ಗಾಡಿ ತಡೆತಡೆದು ಸಾಗುವುದಕ್ಕೆ ಕಾರಣ ಕೋನ. 1676ರಲ್ಲೇ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಈ ಜಾಯಿಂಟಿನ ಬಗ್ಗೆ ಬರೆದಿದ್ದಾನೆ, ಮತ್ತು ಅದರ ಸ್ವಭಾವ ಇಂದಿಗೂ ಬದಲಾಗಿಲ್ಲ: ಬಾಗಿದ ಜಾಯಿಂಟ್ ಒಂದೇ ವೇಗದಲ್ಲಿ ಬಂದ ತಿರುಗಾಟವನ್ನು ಒಂದೇ ವೇಗದಲ್ಲಿ ಮುಂದಕ್ಕೆ ಕೊಡುವುದಿಲ್ಲ. ಗೇರ್‌ಬಾಕ್ಸ್ ನಿಮಿಷಕ್ಕೆ 100 ಸುತ್ತು ಸಮವಾಗಿ ತಿರುಗುತ್ತಿದ್ದರೂ, ಜಾಯಿಂಟಿನ ಕೋನ 15 ಡಿಗ್ರಿ ಇದ್ದರೆ ಶಾಫ್ಟ್ 97ರಿಂದ 104ರ ನಡುವೆ ಏರಿಳಿಯುತ್ತದೆ. 30 ಡಿಗ್ರಿ ಆದರೆ 87ರಿಂದ 115ರ ನಡುವೆ ಏರಿಳಿಯುತ್ತದೆ. ಈ ಏರಿಳಿತ ಪ್ರತಿ ಸುತ್ತಿಗೆ ಎರಡು ಸಲ ಆಗುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅದೇ ಕೋನದಲ್ಲಿದ್ದು, ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿ ಇದ್ದರೆ ಎರಡನೆಯದು ಮೊದಲನೆಯದರ ಏರಿಳಿತವನ್ನು ಅಳಿಸಿಹಾಕಿ ಪಿನಿಯನ್ನಿಗೆ ಸಮವಾದ 100 ಸುತ್ತು ತಲುಪುತ್ತದೆ. ಯೋಕ್‌ಗಳು ಒಂದಕ್ಕೊಂದು 90 ಡಿಗ್ರಿ ತಿರುಗಿ ಕೂತಿದ್ದರೆ ಅಳಿಸುವ ಬದಲು ಕೂಡುತ್ತದೆ, ಕೋನ 30 ಡಿಗ್ರಿ ಇದ್ದಾಗ ಪಿನಿಯನ್ 75ರಿಂದ 133ರ ನಡುವೆ ಜಗ್ಗಾಡುತ್ತದೆ. ಪಿಟಿಒ ಶಾಫ್ಟನ್ನು ಕಳಚಿ ಜೋಡಿಸುವಾಗ ಯೋಕ್ ಸಾಲು ತಪ್ಪಿಸಿದ ರೋಟಾವೇಟರ್ ಹೇಗೆ ಗಡಗಡಿಸುತ್ತದೆ ಎಂಬುದನ್ನು ನಮ್ಮ ಕಡೆಯ ಯಾವ ಟ್ರಾಕ್ಟರ್ ಚಾಲಕನನ್ನು ಕೇಳಿದರೂ ಹೇಳುತ್ತಾನೆ.

ನಿಮ್ಮ ಶಾಫ್ಟಿನ ನಡುಭಾಗ ಆರು ಮೂಲೆಯದಾದರೆ ಒಂದು ಮೂಲೆ ತಪ್ಪಿದರೂ ಯೋಕ್‌ಗಳು 60 ಡಿಗ್ರಿ ಓರೆಯಾಗುತ್ತವೆ. ನಾಲ್ಕು ಮೂಲೆಯದಾದರೆ ಒಂದು ತಪ್ಪಿಗೆ ಪೂರ್ತಿ 90 ಡಿಗ್ರಿ. ಪಿನ್ ಉದುರಿದಾಗ ಬೆಟ್ಟದ ಮೇಲೆಯೇ ಶಾಫ್ಟ್ ಎಳೆದು ಮತ್ತೆ ಸೇರಿಸಿದ್ದರೆ ಸಾಲು ತಪ್ಪಿರುವ ಸಾಧ್ಯತೆ ಬಹಳ. ಸರಿಯಾಗಿ ಕೂರಿಸಿದ ಮೇಲೆ ಎರಡೂ ಭಾಗಗಳ ಮೇಲೆ ಉಗುರುಬಣ್ಣದಲ್ಲಿ ಒಂದೇ ನೇರಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ತಡೆತ ಶಾಫ್ಟಿನದೋ ಮುರಿದ ಹಲ್ಲಿನದೋ ಎಂದು ಗುರುತಿಸಲು ಗಾಡಿಯನ್ನು ಅತಿ ನಿಧಾನವಾಗಿ ಓಡಿಸಿ ಎಣಿಸಬಹುದು. 3.75 ಅನುಪಾತದ ಸಾಮಾನ್ಯ ಆಕ್ಸಲಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಏಳೆಂಟು ತಡೆತ ಬಂದರೆ ಅದು ಜಾಯಿಂಟಿನದು, ಮೂರು ನಾಲ್ಕು ಬಂದರೆ ಪಿನಿಯನ್ ಹಲ್ಲಿನದು, ಒಂದೇ ಬಂದರೆ ಕ್ರೌನಿನದು.

ಯೋಕ್ ಸಾಲಾಗಿದ್ದೂ ತಡೆತ ಉಳಿದರೆ ಎರಡು ಕೋನಗಳು ಸಮವಿಲ್ಲವೆಂದು ಅರ್ಥ. ಹಿಂದಿನ ಆಕ್ಸಲಿನಲ್ಲಿ ಮೇಲಿನ ಲಿಂಕಿನ ಉದ್ದವನ್ನು ಬದಲಿಸಿ ಪಿನಿಯನ್ನನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸಬಹುದು. ಮುಂದಿನ ಆಕ್ಸಲಿನಲ್ಲಿ ಹಾಗೆ ಮಾಡಿದರೆ ಕ್ಯಾಸ್ಟರ್ ಕೋನವೂ (ಮುಂಚಕ್ರ ತಿರುಗುವ ಅಕ್ಷದ ಓರೆ) ಕೆಟ್ಟು ಸ್ಟಿಯರಿಂಗ್ ಭಾರವಾಗುತ್ತದೆ, ಆದ್ದರಿಂದ ಅಲ್ಲಿ ಸ್ವಲ್ಪ ರಾಜಿಯೇ ಲೇಸು. ನಿಮ್ಮ ಗಾಡಿಗೆ ನನ್ನ ನೇರ ಸಲಹೆ ಎಂದರೆ 90 ಮಿ.ಮೀ. ಶಾಕ್‌ಗಳಿಗೆ ಮರಳುವುದು, ಅಥವಾ 100 ಮಿ.ಮೀ. ಶಾಕನ್ನೇ ಹೆಚ್ಚು ಓರೆಯಾಗಿ ಕೂರಿಸಿ ಎತ್ತರ ಇಳಿಸುವುದು. ಎತ್ತರದ ಗಾಡಿ ಬಂಡೆಯ ಮೇಲೆ ಬೇಗ ಮಗುಚುತ್ತದೆ, ಶಾಫ್ಟಿಗೂ ಕಷ್ಟ. ಅದರಿಂದ ದೊರೆಯುವ ಲಾಭ ಕಣ್ಣಿಗೆ ಚೆಂದ ಕಾಣುವುದಷ್ಟೇ. ಎತ್ತರ ಬಿಡಲಾಗದಿದ್ದರೆ ಗೇರ್‌ಬಾಕ್ಸ್ ತುದಿಯಲ್ಲಿ ಜೋಡಿ ಜಾಯಿಂಟ್ ಇರುವ ಶಾಫ್ಟ್ ಹಾಕಬೇಕಾಗುತ್ತದೆ, ಮತ್ತು ಆಗ ಪಿನಿಯನ್ ನೇರವಾಗಿ ಶಾಫ್ಟಿನ ಕಡೆಗೇ ಮುಖ ಮಾಡುವಂತೆ ಆಕ್ಸಲನ್ನು ತಿರುಗಿಸಬೇಕು.

ಪಿನ್ ಉದುರುವುದಕ್ಕೂ ಈ ಕೋನವೇ ಕಾರಣವಾಗಿರುತ್ತದೆ. ಜಾಯಿಂಟ್ ತನ್ನ ಮಿತಿ ತಲುಪಿದಾಗ ಯೋಕಿನ ಅಂಚು ಅಂಚಿಗೆ ಬಡಿದು ಸನ್ನೆಗೋಲಿನಂತೆ ಪಿನ್ನನ್ನೂ ಅದನ್ನು ಹಿಡಿದ ಸ್ಕ್ರೂವನ್ನೂ ಎಬ್ಬಿಸುತ್ತದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಜಾಯಿಂಟನ್ನು ಬಾಗಿಸಿ, ಎಷ್ಟು ಕೋನಕ್ಕೆ ಅದು ತಡೆಯುತ್ತದೆ ಎಂದು ಶಾಲೆಯ ಕೋನಮಾಪಕದಲ್ಲಿ ನೋಡಿ, ಆಕ್ಸಲ್ ಜೋತುಬಿದ್ದಾಗಿನ ಕೋನಕ್ಕೆ ಹೋಲಿಸಿರಿ. ಐದು ಡಿಗ್ರಿಯಾದರೂ ಉಳಿದಿರಬೇಕು.

ಸ್ಕ್ರೂ ಸಡಿಲವಾಗುವುದಕ್ಕೆ ಕೋನದ ಜೊತೆ ಇನ್ನೆರಡು ಸಾಮಾನ್ಯ ಕಾರಣಗಳಿವೆ. ಒಂದು, ಹೊಸ ಶಾಫ್ಟಿನ ಮೇಲಿರುವ ಎಣ್ಣೆಯನ್ನು ತೆಗೆಯದೆ ಥ್ರೆಡ್ ಲಾಕ್ ಹಚ್ಚುವುದು. ಸ್ಕ್ರೂವನ್ನೂ ರಂಧ್ರವನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಲಾಕ್‌ಟೈಟ್ 243ರಂತಹ ನೀಲಿ ಬಣ್ಣದ ಮಧ್ಯಮ ಬಲದ ಅಂಟನ್ನು ಒಂದು ಹನಿ ಮಾತ್ರ ಹಚ್ಚಿ, ಒಂದು ದಿನ ಬಿಡಬೇಕು. ಅದೇ ಸಂಜೆ ಬೆಟ್ಟಕ್ಕೆ ಒಯ್ದರೆ ಅಂಟು ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕೆಂಪು ಅಂಟನ್ನು ಇಷ್ಟು ಚಿಕ್ಕ ಸ್ಕ್ರೂಗೆ ಬಳಸಬೇಡಿ, ಮತ್ತು ಯಾವ ಅಂಟೂ ಪಾಲಿಕಾರ್ಬೊನೇಟ್ ಬಾಡಿಗೆ ತಾಗದಂತೆ ನೋಡಿಕೊಳ್ಳಿ, ಬಿರುಕು ಬಿಡುತ್ತದೆ. ಎರಡನೆಯದು, ಆಲನ್ ಕೀ ಅಳತೆ. ಎಂ3 ಗ್ರಬ್ ಸ್ಕ್ರೂಗೆ 1.5 ಮಿ.ಮೀ., ಎಂ4ಕ್ಕೆ 2 ಮಿ.ಮೀ. ಕೀ ಬೇಕು. ತುದಿ ಸವೆದ ಕೀಯಿಂದ ತಿರುಗಿಸಿದರೆ ಸ್ಕ್ರೂ ಬಿಗಿಯಾಗುವ ಮೊದಲೇ ಅದರ ತಲೆಯ ರಂಧ್ರ ದುಂಡಾಗುತ್ತದೆ. ಸ್ಕ್ರೂ ದಂಡದ ಚಪ್ಪಟೆ ಮುಖದ ಮೇಲೆ, ಅಥವಾ ಅದರ ರಂಧ್ರದೊಳಗೆ, ನೇರವಾಗಿ ಕೂತಿದೆಯೇ ಎಂದು ಮೊದಲು ಸಡಿಲವಾಗಿ ಇಳಿಸಿ, ಯೋಕನ್ನು ಸ್ವಲ್ಪ ಅತ್ತಿತ್ತ ಅಲುಗಿಸಿ ಖಚಿತ ಮಾಡಿಕೊಂಡ ಮೇಲೆಯೇ ಬಿಗಿ ಮಾಡಬೇಕು.

ಈಗಾಗಲೇ ದುಂಡಾಗಿ ಕೂತ ಸ್ಕ್ರೂವನ್ನು ತೆಗೆಯಲು ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅದರ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಬಳಿಕ ಸ್ವಲ್ಪ ದೊಡ್ಡದಾದ ಟಾರ್ಕ್ಸ್ ಬಿಟ್ಟನ್ನು ಮೆಲ್ಲನೆ ಬಡಿದು ಕೂರಿಸಿ ತಿರುಗಿಸಿರಿ.

ಕಳೆದುಹೋದ ಪಿನ್ನಿನ ಜಾಗಕ್ಕೆ ಮೊಳೆ ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ಮೊಳೆ ಮೆದು ಕಬ್ಬಿಣ, ಒಂದೇ ಏರಿನಲ್ಲಿ ಬಾಗಿ ಯೋಕಿನ ರಂಧ್ರವನ್ನೂ ಅಗಲ ಮಾಡುತ್ತದೆ. ಬೇರಿಂಗ್ ಅಂಗಡಿಯಲ್ಲಿ 2 ಮಿ.ಮೀ. ವ್ಯಾಸದ ನೀಡಲ್ ರೋಲರ್ ಕೇಳಿ, ಅಥವಾ ಹಳೆಯ ನೀಡಲ್ ಬೇರಿಂಗ್ ಒಡೆದು ತೆಗೆಯಿರಿ. ಅದು ಹದಗೊಳಿಸಿದ ಉಕ್ಕು, ಮೈ ನುಣುಪು, ಅಳತೆ ಕರಾರುವಾಕ್ಕು. ಉದ್ದವಿದ್ದರೆ ಡಿಸ್ಕಿನಲ್ಲಿ ಕತ್ತರಿಸಿ ಎರಡೂ ತುದಿಯ ಅಂಚು ಮುರಿಯಿರಿ. ರಂಧ್ರ ಈಗಾಗಲೇ ಮೊಟ್ಟೆಯಾಕಾರಕ್ಕೆ ಬಂದಿದ್ದು ಯೋಕ್ ಹದಗೊಳಿಸದ ಉಕ್ಕಿನದಾಗಿದ್ದರೆ ಲೇತಿನವರಿಂದ 2.5 ಮಿ.ಮೀ.ಗೆ ಕೊರೆಸಿ ದಪ್ಪ ಪಿನ್ ಹಾಕಿಸಬಹುದು. ಅಲ್ಯೂಮಿನಿಯಂ ಯೋಕಿಗೆ ಆ ಖರ್ಚು ಮಾಡಬೇಡಿ, ಅದು ಮತ್ತೆ ಅಗಲವಾಗುತ್ತದೆ. ಪಿನ್ ಕೂರಿಸಿದ ಮೇಲೆ ಅದು ಕೂತ ಜಾಯಿಂಟಿನ ಕಪ್ಪಿನ ಸುತ್ತ ಹೀಟ್ ಶ್ರಿಂಕ್ ಟ್ಯೂಬನ್ನು ಬಿಗಿಯಾಗಿ ಕೂರಿಸಿದರೆ ಸ್ಕ್ರೂ ಸಡಿಲವಾದರೂ ಪಿನ್ ಬಂಡೆಸಂದಿಗೆ ಬೀಳುವುದಿಲ್ಲ. ಬಾಗಿದ ದಂಡವನ್ನು ಗಾಜಿನ ಮೇಲೆ ಉರುಳಿಸಿ ಪರೀಕ್ಷಿಸಿ. ಅಡಿಯಲ್ಲಿ ಬೆಳಕು ಕಂಡರೆ ಬದಲಿಸುವುದೇ ಸರಿ.

ಜಾಯಿಂಟಿಗೆ ಗ್ರೀಸ್ ತುಂಬುವ ಅಭ್ಯಾಸ ನಮ್ಮ ಕಡೆ ಒಳ್ಳೆಯದಲ್ಲ. ಶಹಾಬಾದಿನ ಕಲ್ಲುಪುಡಿಯಾಗಲಿ, ಬೀದರಿನ ಕೆಂಪು ಮುರ್ರಂ ಆಗಲಿ ಗ್ರೀಸಿನಲ್ಲಿ ಸೇರಿದರೆ ಉಜ್ಜುವ ಪೇಸ್ಟ್ ಆಗುತ್ತದೆ. ಒಣ ಪಿಟಿಎಫ್‌ಇ ಸ್ಪ್ರೇ ಸಾಕು. ಮಳೆಗಾಲದಲ್ಲಿ ಎರೆಮಣ್ಣು ಕಪ್ಪಿನೊಳಗೆ ಹೊಕ್ಕು ಒಣಗಿದರೆ ಜಾಯಿಂಟಿನ ಬಾಗುವ ಕೋನವನ್ನೇ ಕಡಿಮೆ ಮಾಡುತ್ತದೆ, ಆದ್ದರಿಂದ ಅದು ಒಣಗುವ ಮೊದಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ ಮತ್ತೆ ಒರೆಸಿಡಿ.

ಪಿನಿಯನ್ ಬದಲಿಸುವಾಗ ಕ್ರೌನನ್ನೂ ಜೊತೆಯಾಗಿಯೇ ಬದಲಿಸಿರಿ, ಏಕೆಂದರೆ ಹಾನಿಗೊಂಡ ಹಳೆಯ ಕ್ರೌನ್ ಹೊಸ ಪಿನಿಯನ್ನನ್ನು ಬೇಗ ತಿನ್ನುತ್ತದೆ. ಬೇರಿಂಗುಗಳಲ್ಲಿ ಪ್ಲೇ ಇದ್ದರೆ ಅವನ್ನೂ ಬದಲಿಸಿ. ಬಳಿಕ ಹಿಂದಿನ ಶಾಫ್ಟಿಗೆ ಅಳತೆ ಸರಿಪಡಿಸಿದ ಉಕ್ಕು ಇರಲಿ, ಮುಂದಿನದಕ್ಕೆ ಹೊಸ ಪ್ಲಾಸ್ಟಿಕ್ ಶಾಫ್ಟ್ ಹಾಕಿ. ಸಂದಿಗೆ ಮೊದಲು ಸಿಕ್ಕಿಕೊಳ್ಳುವುದು ಮುಂದಿನ ಚಕ್ರಗಳೇ ಆದ್ದರಿಂದ ಅಲ್ಲಿ ಅಗ್ಗದ ಶಾಫ್ಟ್ ಮುರಿದು ಆಕ್ಸಲ್ ಉಳಿಯುವುದು ಒಳ್ಳೆಯದು. ಸ್ಪ್ರಿಂಗುಗಳನ್ನು ಹಾಕುವ ಮೊದಲು ಮೇಜಿನ ಮೇಲೆ ಆಕ್ಸಲನ್ನು ಒಂದು ಕೈಯಲ್ಲಿ ಪೂರ್ತಿ ಮೇಲೆ-ಕೆಳಗೆ, ಎಡ-ಬಲ ಓಲಾಡಿಸುತ್ತಾ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಶಾಫ್ಟ್ ಲಿಂಕಿಗೆ, ಸ್ಕಿಡ್ ಪ್ಲೇಟಿಗೆ, ಬ್ಯಾಟರಿ ತಟ್ಟೆಗೆ ಎಲ್ಲೂ ತಗಲದೆ, ಯಾವ ಸ್ಥಿತಿಯಲ್ಲೂ ಕೈಗೆ ಬಿಗಿ ತೋರದೆ ತಿರುಗಿದರೆ ಮಾತ್ರ ಅದನ್ನು ಬೆಟ್ಟಕ್ಕೆ ಒಯ್ಯಿರಿ. ಮೊದಲ ಸುತ್ತಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ನಿಲ್ಲಿಸಿ, ಉಗುರುಬಣ್ಣದ ಗೆರೆ ಮತ್ತು ನಾಲ್ಕೂ ಸ್ಕ್ರೂಗಳನ್ನು ಒಮ್ಮೆ ನೋಡಿ.